ಮೆತ್ತೆ ಕತ್ತಿಯ ಮೊನೆ

ಎರಡು ವರ್ಷ ಮಕ್ಕಳ ಕೈಯಲ್ಲಿ ಓಡಾಡಿದ್ದ ಮೆತ್ತೆ ಕತ್ತಿಯೊಂದನ್ನು ಮೊನ್ನೆ ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಗಟ್ಟಿಮುಟ್ಟಾಗಿಯೇ ಇತ್ತು. ಒಳಗೆ, ಅಲಗಿನ ನಡುಭಾಗದ ಫೋಮು ಅರ್ಧಕ್ಕರ್ಧ ಕುಗ್ಗಿತ್ತು. ಮೊನೆಯ ಕಡೆಯಂತೂ ನಡುವಿನ ಪೈಪಿನ ಬಾಯಿ ಫೋಮಿನಲ್ಲಿ ಬಳೆಯಂಥ ಗಾಯ ಕೊರೆದುಕೊಂಡು ಮುಂದಕ್ಕೆ ಹೊರಟಿತ್ತು. ಪೈಪಿಗೂ ಹೊರಗಿನ ಟೇಪಿಗೂ ನಡುವೆ ಉಳಿದದ್ದು ಒಂದು ಬೆರಳಿನಷ್ಟು ಜಾಗ. ಆ ಕತ್ತಿ ಮಾಡಿದವನು ನಾನು. ಈ ಬರಹಕ್ಕೆ ಕಾರಣವೂ ಅದೇ.

ಅಮೆರಿಕದಲ್ಲಿ ಇಂಥ ಕತ್ತಿಗೆ ‘ಬಾಫರ್’ ಎನ್ನುತ್ತಾರೆ. ಟೋಲ್ಕಿನ್ ಕಥೆಗಳ ಗುಂಗಿನಲ್ಲಿದ್ದ ಒಂದಷ್ಟು ಯುವಕರು 1977ರಲ್ಲಿ ಮೇರಿಲ್ಯಾಂಡ್ ಕಡೆ ಡಾಗೊರ್‌ಹಿರ್ ಎಂಬ ಕಾಳಗದ ಆಟ ಶುರುಮಾಡಿದರು. ಆಮೇಲೆ ಆಮ್ಟ್‌ಗಾರ್ಡ್, ಬೆಲೆಗಾರ್ತ್ ಮುಂತಾದ ಬಳಗಗಳು ಹುಟ್ಟಿಕೊಂಡವು. ನಡುವೆ ಒಂದು ಪಿವಿಸಿ ಪೈಪು, ಸುತ್ತ ಕೊಳವೆಗೆ ಹೊದಿಸುವ ಫೋಮು, ಮೇಲೆ ಡಕ್ಟ್ ಟೇಪು: ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಎ.ಸಿ. ಕೊಳವೆಗೆ ಹಾಕುವ ಕಪ್ಪು ಫೋಮು ನಮ್ಮ ಊರುಗಳ ಅಂಗಡಿಗಳಲ್ಲೂ ಸಿಗುತ್ತದೆ.

ಯೋಚನೆ ಮಾತ್ರ ಬಹಳ ಹಳೆಯದು. ಹದಿನಾರನೆಯ ಶತಮಾನದ ಜಪಾನಿನಲ್ಲಿ ಸೀಳಿದ ಬಿದಿರನ್ನು ಚರ್ಮದ ಚೀಲಕ್ಕೆ ತುಂಬಿ ‘ಫುಕುರೊ ಶಿನಾಯ್’ ಮಾಡಿದರು. ಅದರ ಶ್ರೇಯಸ್ಸು ಶಿಂಕಾಗೆ ಪಂಥದ ಕಮಿಇಝುಮಿ ನೊಬುತ್ಸುನನಿಗೆ ಸಲ್ಲುತ್ತದೆ. ಮರದ ಕತ್ತಿಯಲ್ಲಿ ಅಭ್ಯಾಸ ಮಾಡುವಾಗ ಪೆಟ್ಟನ್ನು ಮೈಗೆ ತಾಗುವ ಮುನ್ನ ತಡೆಯಬೇಕಿತ್ತು, ತಪ್ಪಿದರೆ ಮೂಳೆ ಮುರಿಯುತ್ತಿತ್ತು. ಚೀಲದ ಕತ್ತಿ ಬಂದ ಮೇಲೆ ಪೂರ್ತಿ ಬೀಸಲು ಧೈರ್ಯ ಬಂತು. ಮೆತ್ತೆ ಕತ್ತಿಯ ದೊಡ್ಡ ಗುಣ ನನ್ನ ಪ್ರಕಾರ ಇದೇ. ಹೊಡೆಯುವವನು ಕೈ ತಡೆಯಬೇಕಿಲ್ಲ, ಪೆಟ್ಟು ತಿನ್ನುವವನು ಕಣ್ಣು ಮುಚ್ಚಬೇಕಿಲ್ಲ.

ಆದರೆ ಈ ಗುಣ ಉಳಿಯುವುದೂ ಕೆಡುವುದೂ ಮಾಡುವವನ ಕೈಯಲ್ಲಿದೆ. ಹೆಚ್ಚಿನವರು ಕೆಡಿಸುವುದು ಟೇಪಿನಲ್ಲಿ. ಅಂದವಾಗಿ ಕಾಣಲೆಂದು ಬಳ್ಳಿಯಂತೆ ಸುತ್ತಿ ಸುತ್ತಿ ಎಳೆದು ಬಿಗಿಯುತ್ತಾರೆ. ಪ್ರತಿ ಸುತ್ತಿಗೂ ಫೋಮು ಅಮುಕಿಕೊಳ್ಳುತ್ತದೆ, ಕೊನೆಗೆ ಕೈಗೆ ಬರುವುದು ದೊಣ್ಣೆ. ಟೇಪನ್ನು ಎಳೆಯದೆ, ಉದ್ದುದ್ದ ಪಟ್ಟಿಗಳಾಗಿ, ಸುಮ್ಮನೆ ಮಲಗಿಸಿದಂತೆ ಅಂಟಿಸಬೇಕು. ಗಾಳಿ ಹೊರಹೋಗಲು ದಾರಿಯೂ ಬೇಕು. ಎಲ್ಲ ಕಡೆ ಮುಚ್ಚಿದರೆ ಏಟು ಬಿದ್ದಾಗ ಒಳಗಿನ ಗಾಳಿ ಹೋಗಲು ಜಾಗವಿಲ್ಲದೆ ಕತ್ತಿ ಛಟೀರೆಂದು ಬಾರಿಸುತ್ತದೆ, ಚರ್ಮ ಕೆಂಪಾಗುತ್ತದೆ. ಇದಕ್ಕೆಲ್ಲ ನನಗೆ ಹಿಡಿಸಿದ ಪರಿಹಾರ ಬಟ್ಟೆಯ ಗವಸು. ಹಳೆಯ ಚೂಡಿದಾರದ ಕಾಲಿನ ಬಟ್ಟೆ ಸಾಕು. ಅದು ಉಸಿರಾಡುತ್ತದೆ, ಫೋಮನ್ನು ಹಿಂಡುವುದಿಲ್ಲ, ಬಿಚ್ಚಿ ಒಳಗೆ ಏನಾಗಿದೆಯೆಂದು ನೋಡಲೂ ಬರುತ್ತದೆ. ಟೇಪಿನ ಕತ್ತಿ ತನ್ನ ಹುಳುಕನ್ನು ಮುಚ್ಚಿಟ್ಟುಕೊಳ್ಳುತ್ತದೆ. ನನ್ನದು ಮುಚ್ಚಿಟ್ಟದ್ದೂ ಹಾಗೆಯೇ.

ಅಲಗು ದುಂಡಗಿರಬೇಕೋ ಚಪ್ಪಟೆಯಾಗಿರಬೇಕೋ ಎಂಬುದು ಆಡುವವರಲ್ಲಿ ಮುಗಿಯದ ವಾದ. ಫೋಮಿನ ಹಾಳೆಗಳನ್ನು ಪದರ ಪದರವಾಗಿ ಅಂಟಿಸಿದ ಚಪ್ಪಟೆ ಅಲಗು ಕತ್ತಿಯಂತೆ ಕಾಣುತ್ತದೆ, ಕತ್ತಿಯಂತೆ ತಿರುಗುತ್ತದೆ, ಯಾವ ಕಡೆಯಿಂದ ಹೊಡೆಯಬೇಕೆಂಬ ಶಿಸ್ತು ಕಲಿಸುತ್ತದೆ. ಪಳಗಿದ ಕೈಗೆ ಅದೇ ಸರಿ. ಮಕ್ಕಳಿಗೆ ಬೇಡ. ಅವರ ಮಣಿಕಟ್ಟು ತಿರುಗಿದಾಗ ಅಗಲದ ಕಡೆ ಬಡಿಯುತ್ತದೆ, ಅಲ್ಲಿ ಮೆತ್ತೆ ತೆಳು. ದುಂಡು ಕತ್ತಿ ನೋಡಲು ಲಾಳಿಯಂತಿದ್ದರೂ ಎಲ್ಲ ಕಡೆಯಿಂದಲೂ ಒಂದೇ ಮೆದು.

ಇನ್ನು ಮೊನೆ. ಡಾಗೊರ್‌ಹಿರ್ ಮಾದರಿಯ ಆಟಗಳಲ್ಲಿ ಕತ್ತಿಯ ತುದಿಯನ್ನು 2.5 ಇಂಚಿನ ತೂತಿಗೆ ಹಿಡಿದು ನೋಡುತ್ತಾರೆ, ಅರ್ಧ ಇಂಚಿಗಿಂತ ಹೆಚ್ಚು ಒಳಗೆ ಹೋಗಬಾರದು. ತಲೆಗೆ ಕತ್ತಿ ಬೀಸುವುದೇ ನಿಷಿದ್ಧವಾದ ಆಟದಲ್ಲೂ ಈ ಪರೀಕ್ಷೆ ಇದೆ. ಕೈ ತಪ್ಪುತ್ತದೆ, ಎದುರಾಳಿ ಬಗ್ಗುತ್ತಾನೆ, ಆಗ ಕಣ್ಣಿನ ಗುಳಿಯೊಳಕ್ಕೆ ಇಳಿಯದಷ್ಟು ದಪ್ಪ ಮೊನೆಗಿರಬೇಕು. ಎಷ್ಟು ಸರಳವಾದ, ಎಷ್ಟು ಮನುಷ್ಯತ್ವದ ಅಳತೆ! ದಪ್ಪವೊಂದೇ ಸಾಲದು. ಪೈಪಿನ ಬಾಯಿಗೆ ಬಿರಡೆ ಹಾಕಿ, ಅದರ ಮೇಲೆ ಚರ್ಮದ ತುಂಡೋ ದಪ್ಪ ರಬ್ಬರೋ ಇಟ್ಟು ಬಿಗಿಯಬೇಕು. ಇಲ್ಲದಿದ್ದರೆ ತೆರೆದ ಪೈಪು ಬಿಸ್ಕತ್ತಿನ ಅಚ್ಚಿನಂತೆ ಫೋಮನ್ನು ಕತ್ತರಿಸುತ್ತಾ ಹೋಗುತ್ತದೆ. ಪೈಪಿನಾಚೆಗೆ ಕನಿಷ್ಠ ಮೂರು ಇಂಚು ಮೆತ್ತೆ ಬೇಕು, ಅದರ ತುದಿಗೆ ಸೋಫಾ ದಿಂಬಿನ ಮೆದು ಸ್ಪಂಜು. ನಾನು ಬಿರಡೆ ಹಾಕಿರಲಿಲ್ಲ. ಹತ್ತು ರೂಪಾಯಿಯ ವಸ್ತು.

ಅಂಗಡಿಯಲ್ಲಿ ಸಿಗುವ ಲೇಟೆಕ್ಸ್ ಲೇಪದ ಕತ್ತಿಗಳು ಕಣ್ಣಿಗೆ ಹಬ್ಬ. ಉಕ್ಕಿನ ಹೊಳಪು, ಹಿಡಿಯ ಮೇಲೆ ಕೆತ್ತನೆ. ಆದರೂ ಮಕ್ಕಳ ಜೊತೆ ಕೂತು ಮನೆಯಲ್ಲಿ ಮಾಡಿದ ಕತ್ತಿಯನ್ನೇ ನಾನು ಮೇಲೆಂದು ಹೇಳುತ್ತೇನೆ. ಒಳಗೆ ಎಲ್ಲಿ ಗಟ್ಟಿ, ಎಲ್ಲಿ ಮೆದು ಎಂದು ಗೊತ್ತಿರುವ ಮಗು ಬೀಸುವ ರೀತಿಯೇ ಬೇರೆ. ಮೊನ್ನೆ ಸೀಳಿದ ಕತ್ತಿಯನ್ನು ನೋಡಿದ ಮಗಳು ಆ ಬಳೆ ಗಾಯದೊಳಗೆ ಬೆರಳಿಟ್ಟು, ತನ್ನ ಕತ್ತಿಯನ್ನೂ ತಂದು ಬಿಚ್ಚಿಸಿದಳು.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ಈ ಭಾನುವಾರ ಕೈಗೆತ್ತಿಕೊಳ್ಳಿ. ಮೊದಲು ನಿಮ್ಮ ಬರಿ ತೊಡೆಗೆ ಜೋರಾಗಿ ಬಾರಿಸಿಕೊಳ್ಳಿ. ಆಮೇಲೆ ಮೊನೆಯನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿ. ಪೈಪಿನ ಅಂಚು ತಗುಲಿತೋ, ಮಕ್ಕಳ ಕೈಗೆ ಕೊಡಬೇಡಿ, ಬಿಚ್ಚಿ ಹೊಸದಾಗಿ ಕಟ್ಟಿ.