‘ವಸಾಹತು’ ಎಂಬ ಮಾತು: ಸುವರ್ಣದ್ವೀಪದ ಹಿಂದೂಧರ್ಮವನ್ನು ಕುರಿತು

ಆಗ್ನೇಯ ಏಷ್ಯದ ಹಿಂದೂಧರ್ಮವನ್ನು ಅಭ್ಯಸಿಸುವವರಿಗೆ ರಮೇಶಚಂದ್ರ ಮಜುಂದಾರರ ‘ಸುವರ್ಣದ್ವೀಪ’ವು (1937–38) ಇಂದಿಗೂ ಅನಿವಾರ್ಯ ಗ್ರಂಥ. ಶಾಸನಗಳನ್ನೂ ಚೀನೀ ವೃತ್ತಾಂತಗಳನ್ನೂ ಒಂದೆಡೆ ಕೂಡಿಸಿದ ಅವರ ಪರಿಶ್ರಮ ಸಾಮಾನ್ಯವಾದುದಲ್ಲ. ಆದರೆ ಆ ಗ್ರಂಥಮಾಲೆಗೆ ಅವರಿತ್ತ ಹೆಸರಿನಲ್ಲಿಯೇ, ದೂರಪ್ರಾಚ್ಯದ ‘ಪ್ರಾಚೀನ ಭಾರತೀಯ ವಸಾಹತುಗಳು’ ಎಂಬಲ್ಲಿಯೇ, ತೊಡಕು ಅಡಗಿದೆ. ವಸಾಹತು ಎಂದೊಡನೆ ಹೊರಗಿನಿಂದ ಬಂದವರು ಕರ್ತೃಗಳಾಗುತ್ತಾರೆ. ಆ ನೆಲದವರು ಬರಿಯ ಶಿಷ್ಯರಾಗಿ ಹಿಂದೆ ಸರಿಯುತ್ತಾರೆ.

ಬೋರ್ನಿಯೋ ದ್ವೀಪದ ಕುತೈ ಪ್ರದೇಶದ ಯೂಪಶಾಸನಗಳನ್ನು ಪರಿಶೀಲಿಸಬೇಕು. ಲಿಪಿಯ ಆಧಾರದಿಂದ ಇವು ಸುಮಾರು ಕ್ರಿ.ಶ. 400ರವು, ಭಾಷೆ ಸಂಸ್ಕೃತ. ರಾಜನು ಮೂಲವರ್ಮ, ಅವನ ತಂದೆ ಅಶ್ವವರ್ಮ. ಅಜ್ಜನ ಹೆಸರು ಮಾತ್ರ ಕುಂಡುಂಗ, ಅದು ಸಂಸ್ಕೃತದ್ದಾಗಿ ತೋರುವುದಿಲ್ಲ. ವಂಶಕರ್ತನೆಂಬ ಗೌರವವು ಸಂದದ್ದು ಅಜ್ಜನಿಗಲ್ಲ, ಅಶ್ವವರ್ಮನಿಗೆ. ಮೂಲವರ್ಮನು ಬ್ರಾಹ್ಮಣರಿಗೆ 20,000 ಗೋವುಗಳನ್ನು ದಾನವಿತ್ತನಂತೆ (ಪ್ರಶಸ್ತಿಕಾರರ ಲೆಕ್ಕವನ್ನು ನಾವು ಬಲ್ಲೆವು). ಯೂಪವನ್ನು ನಿಲ್ಲಿಸಿದವರು ಅಲ್ಲಿಗೆ ಬಂದ ವಿಪ್ರರೆಂದು ಶಾಸನವೇ ಹೇಳುತ್ತದೆ. ಬಂದವರು ಪುರೋಹಿತರು, ದಾನವಿತ್ತು ಹೊಸ ಹೆಸರನ್ನು ಧರಿಸಿದ ಅರಸು ಮನೆತನವು ಆ ನೆಲದ್ದೇ ಎಂದು ತಿಳಿಯುವುದು ಸಹಜ. ಸ್ಥಳೀಯ ಅರಸರೇ ಬ್ರಾಹ್ಮಣರನ್ನು ಕರೆಸಿಕೊಂಡರೆಂದು ಡಚ್ ವಿದ್ವಾಂಸ ವಾನ್ ಲ್ಯೂರ್ 1934ರಷ್ಟು ಹಿಂದೆಯೇ ವಾದಿಸಿದ್ದನು.

ವಸಾಹತು ಎನ್ನದಿದ್ದರೂ, ವಲಸೆಯಿಂದ ಧರ್ಮವು ಹಬ್ಬಿದ ನಿದರ್ಶನಗಳು ಇಲ್ಲದಿಲ್ಲ. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರು ಕರಾರು ಕೂಲಿಗಳಾಗಿ ಫಿಜಿಗೆ ಹೋದರು; ಅಲ್ಲಿ ಜನರೊಡನೆ ಧರ್ಮವೂ ಸಾಗಿತು. ಬಾಲಿಯ ಕಥೆ ಬೇರೆ. ಅಲ್ಲಿಯ ಹಿಂದೂಗಳು ಬಹುಮಟ್ಟಿಗೆ ಆ ದ್ವೀಪದ ಮೂಲದವರೇ. ಶೈವ ಪೆದಂಡರ ಜೊತೆಗೆ ಬೌದ್ಧ ಪೆದಂಡರೂ ಅವರಿಗೆ ಪುರೋಹಿತರು. ಭೂಪಟದಲ್ಲಿ ಫಿಜಿಗೂ ಬಾಲಿಗೂ ಒಂದೇ ಬಣ್ಣ ಬಳಿದು ‘ಹಿಂದೂಧರ್ಮದ ವಿಸ್ತಾರ’ವೆಂದು ಬರೆದರೆ ವಿದ್ಯಾರ್ಥಿಯು ಕಲಿಯುವುದೇನು?

ಮಜುಂದಾರರಿಗೆ ಸ್ಥಳೀಯ ಅಂಶಗಳು ಕಾಣದೆ ಇರಲಿಲ್ಲ. ಅವರ ಚೌಕಟ್ಟಿನಲ್ಲಿ ಅವುಗಳಿಗೆ ತಕ್ಕ ಸ್ಥಾನವಿರಲಿಲ್ಲ. ಗ್ರಂಥವು ಹೊರಬಂದ ಮೇಲೆ ಬಾಲಿಯಲ್ಲಿ ನಡೆದುದನ್ನು ಆ ಚೌಕಟ್ಟಿನಿಂದ ವಿವರಿಸುವುದು ಇನ್ನೂ ಕಷ್ಟ. ಇಂಡೋನೇಷ್ಯ ಸರ್ಕಾರದ ಮನ್ನಣೆಗಾಗಿ ಬಾಲಿಯವರು ಸಾಂಗ್ ಹ್ಯಾಂಗ್ ವಿಧಿಯೆಂಬ ಏಕದೇವನನ್ನು ಮುಂದಿಟ್ಟರು. 1958ರಲ್ಲಿ ಮನ್ನಣೆ ದೊರೆಯಿತು, 1959ರಲ್ಲಿ ‘ಪರಿಷದ’ ಎಂಬ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಇದ ಬಾಗುಸ್ ಮಂತ್ರರು ಶಾಂತಿನಿಕೇತನದಲ್ಲಿ ಓದಿದವರು. ಈ ಬಾರಿ ಕಡಲು ದಾಟಿ ಬಂದವರು ಬಾಲಿಯವರೇ.