ಚರ್ಚ್ ಸ್ಟ್ರೀಟಲ್ಲಿ ಕೂರೋದೆಲ್ಲಿ?

ಬೆಂಗಳೂರಿನ ಬೇರೆ ರಸ್ತೆಗಳನ್ನು ನಾವು ದಾಟಿಕೊಂಡು ಹೋಗ್ತೀವಿ, ಚರ್ಚ್ ಸ್ಟ್ರೀಟಿಗೆ ಮಾತ್ರ ಅಂತಲೇ ಹೋಗ್ತೀವಿ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆವರೆಗೆ ಮುಕ್ಕಾಲು ಕಿಲೋಮೀಟರ್ ಇರಬಹುದು. ನಮ್ಮೂರಲ್ಲಾದರೆ ಬಸ್ ಸ್ಟ್ಯಾಂಡಿನಿಂದ ಹಾಲಿನ ಡೈರಿಗೆ ಹೋಗುವಷ್ಟು ದೂರ. ಒಂದು ರಸ್ತೆಯನ್ನೂ ಸಿನಿಮಾ ಥರ ವಿಮರ್ಶೆ ಮಾಡಬಹುದು ಅಂತ ನನಗನ್ನಿಸುತ್ತೆ. ಯಾರೋ ಯೋಚಿಸಿ ಮಾಡಿರ್ತಾರೆ, ದುಡ್ಡು ಸುರಿದಿರ್ತಾರೆ, ನಾವು ನೋಡೋಕೆ ಹೋಗ್ತೀವಿ.

ಚೆನ್ನಾಗಿರೋದನ್ನು ಮೊದಲು ಹೇಳಿಬಿಡ್ತೀನಿ. 2018ರಲ್ಲಿ ಟೆಂಡರ್‌ಶ್ಯೂರ್ ಕಾಮಗಾರಿ ಮುಗಿದ ಮೇಲೆ ಈ ರಸ್ತೆಗೆ ಡಾಂಬರಿನ ಬದಲು ಕಲ್ಲಿನ ಹಾಸು ಬಂತು. ನೀರು, ಒಳಚರಂಡಿ, ಕರೆಂಟು, ಕೇಬಲ್ ಎಲ್ಲಕ್ಕೂ ನೆಲದಡಿ ಅದರದರದೇ ದಾರಿ ಮಾಡಿ, ಮೇಲೆ ಅಗಲವಾದ ಫುಟ್‌ಪಾತ್ ಕೊಡೋದು ಆ ಯೋಜನೆಯ ಲೆಕ್ಕ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಹೊಸ ಫೀಚರ್ ಸೇರಿಸೋ ಮುಂಚೆ ಹಳೇ ಕೋಡ್ ಬಿಚ್ಚಿ ಸರಿ ಮಾಡಿದ್ದು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನೇ ನಿಲ್ಲಿಸಿದ್ದರು. ಹಾರ್ನ್ ಇಲ್ಲದ ಚರ್ಚ್ ಸ್ಟ್ರೀಟಲ್ಲಿ ಪಕ್ಕದವರ ಜೊತೆ ಮೆಲ್ಲಗೆ ಮಾತಾಡಬಹುದಿತ್ತು.

ಈ ರಸ್ತೆಯ ಜೀವ ಇರೋದು ಪುಸ್ತಕದಂಗಡಿಗಳಲ್ಲಿ. ಹಳ್ಳಿಯಿಂದ ಬಂದು, ಇಂಜಿನಿಯರಿಂಗ್ ಓದ್ತಾನೇ ಎಂ.ಜಿ. ರಸ್ತೆಯ ಫುಟ್‌ಪಾತಲ್ಲಿ ಹಳೇ ಪುಸ್ತಕ ಮಾರುತ್ತಿದ್ದ ಮಾಯಿಗೌಡರು ಕಟ್ಟಿದ್ದು ಬ್ಲಾಸಮ್. ಬುಕ್‌ವರ್ಮ್ ಕಟ್ಟಿದ ಕೃಷ್ಣಗೌಡರದೂ ಫುಟ್‌ಪಾತಿನಿಂದಲೇ ಶುರುವಾದ ವ್ಯಾಪಾರ. ಹತ್ತಿರದ ಮ್ಯೂಸಿಯಂ ರಸ್ತೆಯಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಇತ್ತು, 2009ರಲ್ಲಿ ಮುಚ್ಚಿತು. 2021ರಲ್ಲಿ ಕೋವಿಡ್ ಬಂದು ಅವರೂ ಹೋದರು. ಅಂದರೆ ಬೆಂಗಳೂರಿನ ಇಂಗ್ಲಿಷ್ ಓದುಗರನ್ನು ಸಾಕಿದ್ದು ಕನ್ನಡದ ಗೌಡರು, ಶಾನಭಾಗರು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಖುಷಿಯಾಗುತ್ತೆ, ಸ್ವಲ್ಪ ಜಂಬಾನೂ.

ಆದರೆ ಇವತ್ತು ಒಬ್ಬ ಹುಡುಗ ಅದೇ ಫುಟ್‌ಪಾತಲ್ಲಿ ಟಾರ್ಪಾಲು ಹಾಸಿ ಐವತ್ತು ಹಳೇ ಪುಸ್ತಕ ಇಟ್ಟುಕೊಂಡು ಕೂತರೆ ಎಷ್ಟು ದಿನ ಕೂರಬಹುದು? ಸಂಜೆ ಓಲೆ, ಸರ ಮಾರೋರನ್ನು ಗಮನಿಸಿ. ಒಂದು ಕಣ್ಣು ಗಿರಾಕಿ ಮೇಲೆ, ಇನ್ನೊಂದು ಕಣ್ಣು ರಸ್ತೆ ತುದಿ ಮೇಲೆ. ಗಾಡಿ ಬಂತು ಅಂದ ತಕ್ಷಣ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ ಎದ್ದು ಹೋಗ್ತಾರೆ. ರಸ್ತೆಗೆ ಹೆಸರು ತಂದ ಅಂಗಡಿಗಳು ಹುಟ್ಟಿದ್ದೇ ಹಾಗೆ, ಹೊಸದಾಗಿ ಅಂಥವು ಹುಟ್ಟೋಕೆ ಮಾತ್ರ ಜಾಗ ಇಡಲಿಲ್ಲ. ಈ ರಸ್ತೆಯ ಬಗ್ಗೆ ನನ್ನ ದೊಡ್ಡ ತಕರಾರು ಇದು.

ಇನ್ನು ಕೆಫೆಗಳು. ಹೆಸರು ಹೇಳಲ್ಲ, ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರೋದು ಬೇಕಾದಷ್ಟಿವೆ. ಗೋಡೆಗೆ ಸುಣ್ಣದ ಬಣ್ಣ, ಮಾಡಿಗೆ ನಾಡಹೆಂಚು, ಮೂಲೆಯಲ್ಲಿ ಬೀಸೋಕಲ್ಲು, ಅದರ ಮೇಲೊಂದು ಹೂಕುಂಡ. ಒಂದು ಕಡೆ ಗೋಡೆಗೆ ಮೊರ ನೇತು ಹಾಕಿದ್ದರು, ಸೇರಿನಲ್ಲಿ ಟಿಶ್ಯೂ ಪೇಪರ್ ಇಟ್ಟಿದ್ದರು. ನಮ್ಮನೇಲಿ ಭತ್ತ ಅಳೆಯುವಾಗ ಮೊದಲನೇ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅಂತಿದ್ದರು. ಇಲ್ಲೂ ಲಾಭ ಇದೆ ಬಿಡಿ, ಫಿಲ್ಟರ್ ಕಾಫಿ ರೇಟು ನೋಡಿದರೆ ಗೊತ್ತಾಗುತ್ತೆ. ರೇಟಿನ ಬಗ್ಗೆ ನನ್ನ ಜಗಳ ಇಲ್ಲ, ಬಾಡಿಗೆ ಕಟ್ಟಬೇಕಲ್ಲ. ಹಳ್ಳಿಮನೆಯ ಸಾಮಾನೆಲ್ಲ ತಂದು, ಬಂದವರನ್ನು ‘ಕೂತ್ಕಳಿ’ ಅನ್ನೋ ಜಗಲಿಯೊಂದನ್ನು ಬಿಟ್ಟು ಬಂದಿರೋದು ನನಗೆ ಚುಚ್ಚುತ್ತೆ.

ಹೋದ ವರ್ಷ ಮಂಡ್ಯದಿಂದ ಅವ್ವ ಬಂದಿದ್ದಾಗ ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ಅರ್ಧ ರಸ್ತೆ ನಡೆಯೋ ಹೊತ್ತಿಗೆ ಮಂಡಿ ಹಿಡಿದುಕೊಳ್ತು.

‘ಏನ್ಲಾ, ಇಷ್ಟ್ ದೊಡ್ಡ ಬೀದೀಲಿ ಕೂತ್ಕಳಕ್ಕೆ ಒಂದು ಕಟ್ಟೆ ಇಲ್ವಲ್ಲಾ?’

‘ಕಾಫಿ ಅಂಗಡಿಗೆ ಹೋಗಣ ಬಾರವ್ವ, ಅಲ್ಲಿ ಕೂರಬೋದು.’

‘ಕೂರಕ್ಕೂ ದುಡ್ಡು ಕೊಡ್ಬೇಕಾ?’

ವಾಹನ ಬರದಿರಲಿ ಅಂತ ನೆಟ್ಟ ಗಿಡ್ಡ ಕಲ್ಲೊಂದರ ಮೇಲೆ ಅವ್ವ ಕೂತರು. ಸುತ್ತ ನೋಡಿದರೆ ಎಲ್ಲರೂ ಹಾಗೇ ಕೂತಿದ್ದರು, ಅಂಗಡಿ ಮೆಟ್ಟಿಲ ಮೇಲೆ, ನಿಂತ ಬೈಕುಗಳ ಮೇಲೆ. ನಡೆಯೋರಿಗೋಸ್ಕರ ಮಾಡಿದ ರಸ್ತೆಯಲ್ಲಿ ಸುಸ್ತಾದೋರ ಲೆಕ್ಕ ಯಾರೂ ಹಾಕಿರಲಿಲ್ಲ.

ಆಮೇಲೆ ಅವ್ವನನ್ನು ಇಂಡಿಯನ್ ಕಾಫಿ ಹೌಸಿಗೆ ಕರೆದುಕೊಂಡು ಹೋದೆ. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಇಲ್ಲಿಗೆ ಬಂತು. ಕಾಫಿ ಹೌಸಿನ ಕೆಲಸಗಾರರು ತಾವೇ ಸಹಕಾರ ಸಂಘ ಕಟ್ಟಿಕೊಂಡು ನಡೆಸೋ ಈ ಪದ್ಧತಿಯ ಮೊದಲ ಸಂಘ 1957ರಲ್ಲಿ ಶುರುವಾಗಿದ್ದು ಬೆಂಗಳೂರಲ್ಲೇ. ಅಲಂಕಾರ ಅನ್ನೋದು ಏನೂ ಇಲ್ಲ. ಪೇಟ ಸುತ್ತಿದ ಮಾಣಿಗೆ ಅವ್ವ ‘ಎಲ್ಲಾಯ್ತಣ್ಣ ನಿಮ್ಮೂರು?’ ಅಂತ ಕೇಳಿದರು, ಅವರು ನಿಂತುಕೊಂಡು ಹೇಳಿದರು. ಕಾಫಿ ಸಾಧಾರಣ, ಸುಳ್ಳು ಯಾಕೆ ಹೇಳಲಿ.

ಬೋರ್ಡುಗಳ ಬಗ್ಗೆ ಒಂದು ಮಾತು. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು. ಇಲ್ಲಿ ಹೆಚ್ಚಿನ ಕಡೆ ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆದಿದ್ದಾರೆ, ಒಳಗೆ ಹೋದರೆ ಮೆನು ಪೂರ್ತಿ ಇಂಗ್ಲಿಷ್. ಲಾಂಗ್ವೇಜ್ ಆಪ್ಷನ್ ಕೊಟ್ಟು, ಒಳಗಿನ ಒಂದು ಸಾಲನ್ನೂ ಅನುವಾದ ಮಾಡದೆ ರಿಲೀಸ್ ಮಾಡಿದ ಆ್ಯಪ್ ಥರ. ಪುಸ್ತಕದಂಗಡಿಗಳೂ ಇದರಿಂದ ಪೂರ್ತಿ ಹೊರಗಿಲ್ಲ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಮೇಲೆ ಇಂಗ್ಲಿಷ್ ಪ್ರತಿ ಕಣ್ಣಿಗೆ ಬೀಳೋ ಕಡೆಯೇ ಇರುತ್ತೆ. ಆ ಕತೆಗಳ ಕನ್ನಡ ಮೂಲ ಬೇಕಂದರೆ ನಾನಂತೂ ಗಾಂಧಿ ಬಜಾರಿನ ಅಂಕಿತಕ್ಕೋ ನವಕರ್ನಾಟಕಕ್ಕೋ ಹೋಗ್ತೀನಿ.

ಕಲೆ ನೋಡೋಕೆ ಚರ್ಚ್ ಸ್ಟ್ರೀಟ್ ಬಿಟ್ಟು ಪಕ್ಕದ ಎಂ.ಜಿ. ರಸ್ತೆಗೆ ಬನ್ನಿ. ಮೆಟ್ರೋ ಹಳಿಯ ಕೆಳಗೆ 2013ರಲ್ಲಿ ಶುರುವಾದ ರಂಗೋಲಿ ಕಲಾ ಕೇಂದ್ರ ಇದೆ. ಗ್ಯಾಲರಿಗಳಿಗೆ ಛಾಯಾ, ವಿಸ್ಮಯ ಅಂತ ಹೆಸರು, ಸಭಾಂಗಣಕ್ಕೆ ರಂಗಸ್ಥಳ. ಪ್ರದರ್ಶನಗಳು ಎಲ್ಲವೂ ಒಂದೇ ಮಟ್ಟದವಲ್ಲ, ಕೆಲವು ಸಲ ಖಾಲಿ ಗೋಡೆ ನೋಡಿ ವಾಪಸ್ ಬಂದಿದ್ದೂ ಇದೆ. ಆದರೂ ಮರದ ನೆರಳಿದೆ, ಮೆಟ್ಟಿಲಿದೆ, ಬಿಲ್ ಹಿಡಿದುಕೊಂಡು ಯಾರೂ ಬರಲ್ಲ. ವಯಸ್ಸಾದೋರ ಜೊತೆ ಹೋಗೋದಾದರೆ ಬೆಳಿಗ್ಗೆ ಹೋಗಿ. ಮೊದಲು ಇಲ್ಲಿ ಸ್ವಲ್ಪ ಕೂತಿರಿ, ಪುಸ್ತಕದಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಚರ್ಚ್ ಸ್ಟ್ರೀಟಿಗೆ ಇಳಿಯಿರಿ.