ಎಂಜಲು ಲೋಟದ ಪ್ರಶ್ನೆ

ಜಿಯೋ ಬೇಬಿಯವರು ನಿರ್ದೇಶಿಸಿದ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಎಂಬ ಮಲಯಾಳಂ ಚಿತ್ರ 2021ರಲ್ಲಿ ತೆರೆಕಂಡಿತು. ಅದರ ನವವಧುವಿಗೆ ಹೆಸರಿಲ್ಲ. ಮಾವನವರು ಗದರುವವರಲ್ಲ, ಅನ್ನ ಸೌದೆ ಒಲೆಯಲ್ಲೇ ಬೇಯಲಿ, ಬಟ್ಟೆಯನ್ನು ಕೈಯಿಂದಲೇ ಒಗೆದರೆ ಚೆನ್ನ ಎಂದು ಮೃದುವಾಗಿಯೇ ಹೇಳುತ್ತಾರೆ. ಹಲ್ಲುಜ್ಜುವ ಬ್ರಷ್ ಕೂಡ ಅವರ ಕೈಗೇ ಬರಬೇಕು. ಅಡುಗೆಮನೆಯ ಸಿಂಕಿನ ಕೊಳವೆ ಸೋರುತ್ತಿದೆಯೆಂದು ಎಷ್ಟು ಹೇಳಿದರೂ ಗಂಡ ಪ್ಲಂಬರನ್ನು ಕರೆತರುವುದಿಲ್ಲ. ಅಕ್ಕರೆಯ ಮಾತಿನಲ್ಲೂ ದಬ್ಬಾಳಿಕೆ ಅಡಗಿರಬಲ್ಲದೆಂದು ತೋರಿಸಿದ್ದೇ ಈ ಚಿತ್ರದ ಹಿರಿಮೆ.

ಗಂಡಸರಿಗೆ ಬದಲಾಗುವ ಅವಕಾಶವನ್ನೇ ಕೊಟ್ಟಿಲ್ಲವಲ್ಲ ಎಂದು ಮೊದಲು ನನಗೆ ಅನಿಸಿತು. ಕೊನೆಯಲ್ಲಿ ಮರುಮದುವೆಯಾದ ಗಂಡನ ಎಂಜಲು ಲೋಟ ಎರಡನೆಯ ಹೆಂಡತಿಯ ಪಾಲಿಗೆ ಬಂದಾಗ ಆ ಆಕ್ಷೇಪ ಉಳಿಯಲಿಲ್ಲ. ನಮ್ಮ ಸುತ್ತಲೂ ನಡೆಯುವುದು ಅದೇ ಅಲ್ಲವೇ?

ಬೇರೆ ಮತದವರ ಮನೆಯ ಕಥೆಯಿದೆಂದು ನಾವು ನುಣುಚಿಕೊಳ್ಳುವಂತಿಲ್ಲ. ಕಡೆಯ ಭೋಜನದಂದು ಯೇಸುಸ್ವಾಮಿ ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದರು. ಪವಿತ್ರ ಗುರುವಾರದಂದು ಆ ವಿಧಿಯನ್ನು ಭಕ್ತಿಯಿಂದ ನೋಡುವ ನಾವು, ಮನೆಗೆ ಮರಳಿ ಉಂಡ ಮೇಲೆ ತಟ್ಟೆಯನ್ನು ಯಾರಿಗೆ ಬಿಟ್ಟು ಏಳುತ್ತೇವೆ? ಗುರುನಿವಾಸದಲ್ಲಿ ಬಡಿಸಿಕೊಂಡು ಉಣ್ಣುವ ನನಗೂ ಈ ಪ್ರಶ್ನೆ ತಪ್ಪಿದ್ದಲ್ಲ.